ಎದೆಗೆ ಬರುವ ಚೆಂಡು

ಮೊದಲು ನೆನಪಾಗುವುದು ಒಂದು ಚೆಂಡು. ಅದಕ್ಕೆ ವೇಗವಿಲ್ಲ, ತಿರುವಿಲ್ಲ. ಉಸಿರು ಬೆಳ್ಳಗೆ ಕಾಣುವಷ್ಟು ತಣ್ಣಗಿನ ಸಂಜೆಯಲ್ಲಿ ಅದು ನನ್ನ ಕಾಲಿನಿಂದ ಎದ್ದು ನಾಮ್‌ಗುಂಗ್ ಅಣ್ಣನ ಎದೆಗೆ ಹೋಗಿ ಸೇರುತ್ತದೆ. ಅವರ ಕೈಗಳು ಅದರ ಮೇಲೆ ಕದದಂತೆ ಮುಚ್ಚಿಕೊಳ್ಳುತ್ತವೆ.

ಪಂದ್ಯಕ್ಕೆ ಮುಂಚೆ ಮೊದಲ ಗೋಲ್‌ಕೀಪರನನ್ನು ಅಣಿಗೊಳಿಸುವುದು ಎರಡನೆಯವನ ಕೆಲಸ. ಬಿರುಸಾಗಿ ಒದೆಯಬೇಕು, ಮೂಲೆಗಳಿಗೆ ಒದೆಯಬೇಕು, ಅವನನ್ನು ನೆಲಕ್ಕೆ ಕೆಡವಬೇಕು. ಆದರೆ ಕೊನೆಯ ಚೆಂಡು ಮಾತ್ರ ಮೆಲ್ಲಗೆ ಎದೆಗೇ ಬರಬೇಕು. ಹಿಡಿದ ನೆನಪು ಕೈಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ಅವನು ಆಟಕ್ಕಿಳಿಯಬೇಕು.

ಬಂದರಿನ ಪಕ್ಕದ ನಮ್ಮ ಊರಿನ ತಂಡದಲ್ಲಿ ಅಣ್ಣ ಮೊದಲನೆಯವರು, ನಾನು ಎರಡನೆಯವನು. ಒಂದು ಕಾಲಕ್ಕೆ ದೇಶದ ಪರವಾಗಿ ಆಡಿದವರು ಅವರು. ಮೀನು ಮಾರುವ ಹೆಂಗಸರು ಅವರನ್ನು ಕಂಡರೆ ಕೈಯೊರೆಸಿಕೊಂಡು ಎದ್ದು ನಿಲ್ಲುತ್ತಿದ್ದರು. ನಾನೋ, ಲೀಗಿನ ಒಂದೇ ಒಂದು ಪಂದ್ಯವನ್ನೂ ಆಡದವನು. ಬಂದರಿನಲ್ಲಿ ನೂಡಲ್ಸ್ ಅಂಗಡಿ ನಡೆಸುತ್ತಿದ್ದ ನನ್ನಕ್ಕ ಸುನೋಕ್, ಊಟಕ್ಕೆ ಹೋದಾಗಲೆಲ್ಲ ಕೇಳುತ್ತಿದ್ದಳು:

"ಏನೋ, ಬೆಂಚು ಸವೆದಿರಬೇಕಲ್ಲ? ಹೊಸದು ಹಾಕಿಸ್ತಾರಂತಾ?"

"ಅಕ್ಕಾ, ಸುಮ್ನಿರು."

"ನೀನು ಆಡೋ ದಿನ ಹೇಳು. ಅಂಗಡಿ ಮುಚ್ಚಿ ಬರ್ತೀನಿ."

ಆ ದಿನ ಬರುವ ಹಾಗೆ ಕಾಣುತ್ತಿರಲಿಲ್ಲ. ಈ ಋತು ಮುಗಿದರೆ ನನ್ನನ್ನು ಉಳಿಸಿಕೊಳ್ಳುವುದಿಲ್ಲವೆಂದು ತಂಡದವರು ಆಗಲೇ ಹೇಳಿಬಿಟ್ಟಿದ್ದರು. ಇಷ್ಟು ವರ್ಷ ಗ್ಲೌಸ್ ತೊಟ್ಟವನು ಒಂದು ಪಂದ್ಯವನ್ನೂ ಆಡದೆ ಮನೆಗೆ ಹೋಗಬೇಕಾಗಿತ್ತು.

ಅಕ್ಕನ ಅಂಗಡಿಯಲ್ಲೇ ನನಗೆ ಅಣ್ಣನ ವಿಷಯ ತಿಳಿದದ್ದು. ಒಂದು ಸಂಜೆ ಅಣ್ಣ ನನಗೆ ಮದ್ಯ ಸುರಿದರು. ಹಿರಿಯರು ಸುರಿಯುವಾಗ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡದೆ ಕೂರುವುದು ನಮ್ಮ ಪದ್ಧತಿ. ಹಾಗೇ ಕೂತಿದ್ದೆ. ಧಾರೆ ಬಟ್ಟಲಿನ ಪಕ್ಕಕ್ಕೆ, ಮೇಜಿನ ಮೇಲೆ ಬೀಳತೊಡಗಿತು. ಅಣ್ಣ ಸುರಿಯುತ್ತಲೇ ಇದ್ದರು. ನಾನು ಬಟ್ಟಲನ್ನು ಮೆಲ್ಲಗೆ ಧಾರೆಯ ಕೆಳಗೆ ಸರಿಸಿದೆ. ಮರ್ಯಾದೆಗೆ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದೆ. ಮುಖ ತಿರುಗಿಸುವ ಪದ್ಧತಿ ಇದ್ದದ್ದು ಆ ಹೊತ್ತಿಗೆ ಒಳ್ಳೆಯದೇ ಆಯಿತು.

ಅವರ ಎಡಗಣ್ಣು ಹೋಗುತ್ತಿತ್ತು. ಆಮೇಲೆ ಎಲ್ಲವೂ ಅರ್ಥವಾಗತೊಡಗಿತು. ತಂಡ ಬಿಟ್ಟುಕೊಡುತ್ತಿದ್ದ ಗೋಲುಗಳೆಲ್ಲ ಅವರ ಎಡಗಡೆಯವೇ. ಅದಕ್ಕಾಗಿ ಬೈಗುಳ ತಿನ್ನುತ್ತಿದ್ದವನು ಮಾತ್ರ ಎಡಬದಿಯ ಡಿಫೆಂಡರ್ ತಾಕ್. ಕೋಚ್‌ಗೆ ನಾನೊಂದು ಮಾತು ಹೇಳಿದ್ದರೆ ಸಾಕಿತ್ತು, ಗ್ಲೌಸ್ ನನ್ನದಾಗುತ್ತಿತ್ತು. ಆದರೆ ನಮ್ಮಲ್ಲಿ ಒಂದು ವರ್ಷ ದೊಡ್ಡವನೂ ಅಣ್ಣನೇ. ಅಣ್ಣನ ಕೊರತೆ ತಮ್ಮನ ಕಣ್ಣಿಗೆ ಬಿದ್ದರೂ ನಾಲಿಗೆಗೆ ಬರಬಾರದು. ಅಂದಿನಿಂದ ನಾನು ಪಂದ್ಯಕ್ಕೆ ಮುಂಚಿನ ಚೆಂಡುಗಳನ್ನೆಲ್ಲ ಅವರ ಬಲಕ್ಕೇ ಒದೆಯತೊಡಗಿದೆ. ಎಡಕ್ಕೆ ಒದೆಯಲೇಬೇಕಾದಾಗ ಮೆಲ್ಲಗೆ ಉರುಳಿಸುತ್ತಿದ್ದೆ. ಅವರಿಗೆ ಅದು ಗೊತ್ತಾಗಿಲ್ಲವೆಂದೇ ನಾನು ನಂಬಿದ್ದೆ.

ಋತುವಿನ ಕೊನೆಯ ಪಂದ್ಯ ಬಂತು. ಸೋತರೆ ತಂಡ ಕೆಳಗಿನ ಲೀಗಿಗೆ ಇಳಿಯುತ್ತಿತ್ತು, ಸಮನಾದರೆ ಉಳಿಯುತ್ತಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೋಚ್ ಮಾ ಅವರು ಎಲ್ಲರೆದುರು ತಾಕ್‌ನತ್ತ ಬೆರಳು ಮಾಡಿದರು.

"ಇವತ್ತು ನೀನು ಹೊರಗೆ. ನಿನ್ನ ಬದಿ ಅಂದ್ರೆ ಬಾಗಿಲಿಲ್ಲದ ಮನೆ. ಬಂದೋರೆಲ್ಲ ಒಳಗೆ ಹೋಗ್ತಾರೆ."

ತಾಕ್ ತಲೆ ತಗ್ಗಿಸಿದ. ಅಣ್ಣ ತಮ್ಮ ಗ್ಲೌಸ್‌ನ ಪಟ್ಟಿಯನ್ನು ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚಿ ಕಟ್ಟಿದರು.

ಮೈದಾನದಲ್ಲಿ ನಾನು ಎಂದಿನಂತೆ ಬಲಕ್ಕೆ ಒದೆಯುತ್ತಿದ್ದೆ. ಕೋಚ್ ಗೋಲಿನ ಹಿಂದೆ ಬಂದು ನಿಂತರು. ಕೊನೆಯ ಚೆಂಡನ್ನು ನಾನು ಹುಲ್ಲಿನ ಮೇಲೆ ಇಟ್ಟಾಗ ಅಣ್ಣ ಕೂಗಿದರು:

"ಎಡಕ್ಕೆ ಹಾಕು."

ಕೇಳಿಸದವನಂತೆ ನಿಂತೆ.

"ಏಯ್, ಕಿವೀಲಿ ಏನು ಹತ್ತಿ ಇಟ್ಕೊಂಡಿದ್ದೀಯಾ? ಎಡಕ್ಕೆ. ಜೋರಾಗಿ."

"ಅಣ್ಣಾ, ಇದು ಕೊನೇದು..."

"ನಾನು ಹೇಳ್ತಿದ್ದೀನಿ. ಹಾಕು."

ಹಿರಿಯರ ಮಾತನ್ನು ಮೀರುವ ಪಾಠ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒದ್ದೆ. ಚೆಂಡು ದಾಟಿಹೋದ ಮೇಲೆ ಅವರು ಅದಿದ್ದ ಜಾಗಕ್ಕೆ ಹಾರಿದರು. ಕೈಗಳು ಗಾಳಿಯ ಮೇಲೆ ಮುಚ್ಚಿಕೊಂಡವು. ಕೋಚ್‌ನ ಮೂಗಿನ ಮುಂದೆಯೇ ಬಲೆ ಉಬ್ಬಿತು.

ಅಣ್ಣ ಮೊಣಕಾಲಿನ ಹುಲ್ಲು ಕೊಡವಿ ಎದ್ದರು. "ನೋಡಿದ್ರಲ್ಲ ಸಾರ್. ಬಾಗಿಲಿಲ್ಲದ ಮನೆ ತಾಕ್‌ನದಲ್ಲ, ನಂದು. ಬಾಯಲ್ಲಿ ಹೇಳಿದ್ರೆ ವಿನಯ ಅಂದ್ಕೊಳ್ತಿದ್ರಿ. ಅವನನ್ನ ಆಡಿಸಿ. ಗೋಲಿಗೆ ಇವನನ್ನ ನಿಲ್ಲಿಸಿ."

ಕೋಚ್ ಬಲೆಯ ಹಿಂದಿನಿಂದ ಈಚೆಗೆ ಬಂದರು. ಆಮೇಲೆ ನನ್ನತ್ತ ತಿರುಗಿ, ಆಗಲಿ ಎಂಬಂತೆ ಗದ್ದ ಎತ್ತಿದರು.

ಅಣ್ಣ ನನ್ನ ಬಳಿ ಬಂದರು. "ಇಷ್ಟು ದಿನ ಬಲಕ್ಕೇ ಒದ್ದೆಯಲ್ಲ, ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಒಂದು ಕಣ್ಣು ಇನ್ನೂ ಇದೆ ಕಣೋ." ನಕ್ಕು ನನ್ನ ಬೆನ್ನಿಗೊಂದು ಗುದ್ದಿದರು. "ನಾನೂ ಸುಮ್ಮನಿದ್ದೆ. ಇನ್ನೊಂದು ಪಂದ್ಯ, ಇನ್ನೊಂದು ಪಂದ್ಯ ಅಂತ. ಆಸೆ. ಹೋಗು, ಗೋಲಲ್ಲಿ ನಿಲ್ಲು."

ಆ ಪಂದ್ಯ ಸಮವಾಯಿತು. ಕೊನೆಗೊಮ್ಮೆ ಎಡಮೂಲೆಗೆ ಬಂದ ಚೆಂಡನ್ನು ಬೆರಳ ತುದಿಯಿಂದ ಹೊರಗೆ ತಳ್ಳಿದೆ. ತಾಕ್ ಓಡಿ ಬಂದು ನನ್ನ ತಲೆಯ ಮೇಲೆ ಬಡಿದ. ಅಕ್ಕ ಮಾತ್ರ ಅಂಗಡಿ ಮುಚ್ಚಿರಲಿಲ್ಲ. ಹೇಳಲು ನನಗೇ ಎಲ್ಲಿ ಗೊತ್ತಿತ್ತು? ಆಮೇಲೆ ವರ್ಷಗಟ್ಟಲೆ ಅವಳು ಅದಕ್ಕಾಗಿ ನನ್ನನ್ನು ಬೈದಳು. ತಂಡ ನನ್ನನ್ನು ಉಳಿಸಿಕೊಂಡಿತು. ಗೋಲಿನಲ್ಲಿ ನಿಂತೇ ನನಗೆ ವಯಸ್ಸಾಯಿತು. ನನ್ನನ್ನು ಅಣಿಗೊಳಿಸಿದ ತಮ್ಮಂದಿರೆಲ್ಲ ಕೊನೆಯ ಚೆಂಡನ್ನು ಅಳತೆ ತಪ್ಪದೆ ಎದೆಗೇ ಹಾಕಿದರು. ಅವುಗಳಲ್ಲಿ ಒಂದೂ ನೆನಪಿಲ್ಲ.

ನೆನಪಿರುವುದು ಆ ಸಂಜೆಯದು. ಸೀಟಿ ಊದುವ ಮುಂಚೆ ಅಣ್ಣ ಗ್ಲೌಸ್ ಕಳಚಿ ಪಕ್ಕಕ್ಕಿಟ್ಟು, ಚೆಂಡನ್ನು ಹುಲ್ಲಿನ ಮೇಲೆ ಇಟ್ಟು, ಕಣ್ಣು ಕಿರಿದು ಮಾಡಿ ನನ್ನ ಎದೆಯನ್ನು ಗುರಿ ಹಿಡಿದರು. ಚೆಂಡು ಮೆಲ್ಲಗೆ ಎದ್ದಿತು, ನನ್ನಿಂದ ಒಂದು ತೋಳಿನಷ್ಟು ಆಚೆಗೆ ಬಂತು. ನಾನು ಸದ್ದಾಗದಂತೆ ಒಂದು ಹೆಜ್ಜೆ ಸರಿದು ನಿಂತೆ. ಅದು ನೇರವಾಗಿ ನನ್ನ ಎದೆಗೇ ಬಂತು.