ಯಾರ ಪಕ್ಕ ನಿಂತವನು

ಚಿಂತಾಮಣಿಯ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಉಪದೇಶಿ ಏನು ಬೋಧಿಸುತ್ತಾನೆ ಅನ್ನುವುದಕ್ಕಿಂತ ಯಾರ ಜೊತೆ ಓಡಾಡುತ್ತಾನೆ ಅನ್ನುವುದೇ ಮುಖ್ಯ. ಈ ಪದ್ಧತಿ ತಂದವರು ಸಭೆಯ ಹಿರಿಯರಾದ ರಮೇಶ್‌ಬಾಬು. ಹೆಡ್‌ಮಾಸ್ಟರಾಗಿ ರಿಟೈರಾದ ಮೇಲೆ ಅವರಿಗೆ ಮಾರ್ಕು ಹಾಕಲು ಉಳಿದವರು ದೇವಸೇವಕರು ಮಾತ್ರ. ಯಾರು ಯಾರ ಹತ್ತಿರ ಸತ್ಯವೇದ ಕಲಿತರು, ಯಾರ ವೇದಿಕೆ ಹತ್ತಿದರು ಎಂದು ಮೊಬೈಲಿನಲ್ಲಿ ಹುಡುಕುತ್ತಾ ಕೂರುತ್ತಿದ್ದರು. ಹಿಂದಿನ ಇಬ್ಬರು ಉಪದೇಶಿಗಳನ್ನು ಓಡಿಸಿದ್ದೂ ಹಾಗೆಯೇ. ಅವರು ವೇದಿಕೆಯಿಂದ ಮಾಡಿದ ಪ್ರಸಂಗದಲ್ಲಿ ತಪ್ಪು ಸಿಕ್ಕಿರಲಿಲ್ಲ, ಸ್ನೇಹದಲ್ಲಿ ಸಿಕ್ಕಿತ್ತು.

ಮೂರನೆಯವನಾಗಿ ಬಂದವನು ಮೋಹನ್‌ಬಾಬು. ಆ ಇಬ್ಬರು ಹೋದದ್ದರಿಂದಲೇ ತನಗೆ ಈ ಜಾಗ ಸಿಕ್ಕಿತೆಂದು ಅವನಿಗೆ ಗೊತ್ತಿತ್ತು. ಪ್ರಾರ್ಥನಾ ಮಂದಿರದ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಹೆಂಡತಿ ಯಾಮಿನಿ ತುಂಬಿದ ಬಸುರಿ. ಹಿಂದಿನವರ ಬಗ್ಗೆ ಅವನು ಒಂದು ದಿನವೂ ಬಾಯಿ ಬಿಡಲಿಲ್ಲ.

ಅವನಿಗೆ ಸತ್ಯವೇದ ಕಲಿಸಿದವರು ಗೌರಿಬಿದನೂರಿನ ಕಡೆಯ ಆವುಲಪ್ಪ ಎಂಬ ಮುದುಕ. ಕುಡುಮಲಕುಂಟೆಯ ಫ್ಯಾಕ್ಟರಿಗಳ ನಡುವೆ ಒಂದು ಶೀಟು ಮನೆಯಲ್ಲಿ ಕೆಲಸಗಾರರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದರು. ಅಲ್ಲಿ ಮೂಟೆ ಹೊರುತ್ತಾ, ಕುಡಿದು ಚರಂಡಿ ಪಕ್ಕ ಬೀಳುತ್ತಿದ್ದ ಮೋಹನ್‌ಬಾಬುವನ್ನು ಎಬ್ಬಿಸಿ, ಅನ್ನ ಹಾಕಿ, ಓದು ಕಲಿಸಿ ಮನುಷ್ಯನನ್ನಾಗಿ ಮಾಡಿದ್ದರು.

ಆ ಆವುಲಪ್ಪನವರ ಫೋಟೋ ಒಂದು ದಿನ ರಮೇಶ್‌ಬಾಬು ಮೊಬೈಲಿಗೆ ಬಂತು. ಅದರಲ್ಲಿ, ರೋಗ ವಾಸಿ ಮಾಡುತ್ತೇನೆಂದು ಊರೂರು ತಿರುಗುವ ಆಂಧ್ರದ ಪ್ರಸಂಗಿಯೊಬ್ಬ ಮುದುಕನಿಗೆ ಶಾಲು ಹೊದಿಸಿ, ಕೈಯೆತ್ತಿ ಹಿಡಿದು ನಗುತ್ತಿದ್ದ.

ನಡೆದದ್ದೇ ಬೇರೆ. ಆ ಪ್ರಸಂಗಿಯ ಮಾತು ನಂಬಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಬಿಟ್ಟ ಮುನಿಶಾಮಮ್ಮ ಸತ್ತಿದ್ದಳು. ಅವಳು ಆವುಲಪ್ಪನವರ ಗುಂಪಿನವಳು. ಜನರ ಎದುರಿಗೇ ಅವಳ ಸಾವಿನ ಬಗ್ಗೆ ಅವನನ್ನು ಕೇಳಬೇಕೆಂದು ಮುದುಕ ವೇದಿಕೆ ಹತ್ತಿದ್ದರು. ಬಾಯಿ ತೆರೆಯುವಷ್ಟರಲ್ಲಿ ಮೈಮೇಲೆ ಶಾಲು ಬಿದ್ದಿತ್ತು, ಕ್ಯಾಮೆರಾ ಮಿಂಚಿತ್ತು. ಇದು ಮೋಹನ್‌ಬಾಬುಗೆ ಚೆನ್ನಾಗಿ ಗೊತ್ತು. ಬೈಕಿನಲ್ಲಿ ಕರೆದುಕೊಂಡು ಹೋದವನು ಅವನೇ. ವೇದಿಕೆಯ ಕೆಳಗೆ ಗುರುವಿನ ಚಪ್ಪಲಿ ಕಾಯುತ್ತಾ ನಿಂತಿದ್ದ.

ಭಾನುವಾರ ಆರಾಧನೆ ಮುಗಿದ ಮೇಲೆ ರಮೇಶ್‌ಬಾಬು ಎಲ್ಲರ ಮುಂದೆ ಫೋಟೋ ತೋರಿಸಿ, ಈ ಸಂಗತಿ ನಿಮಗೆ ಗೊತ್ತಿತ್ತಾ ಬ್ರದರ್ ಎಂದು ಕೇಳಿದರು. ನಿಜ ಹೇಳಿದರೆ ತಾನೂ ಅಲ್ಲಿದ್ದೆ ಎಂದು ಒಪ್ಪಬೇಕು. ಚಾಪೆಯ ಮೇಲೆ ಕೂತಿದ್ದ ಯಾಮಿನಿ ಗಂಡನನ್ನೇ ನೋಡಿದಳು. ಅವಳಿಗೂ ಎಲ್ಲಾ ಗೊತ್ತಿತ್ತು.

"ಗೊತ್ತಿರಲಿಲ್ಲ," ಅಂದ ಮೋಹನ್‌ಬಾಬು.

ಹಾಗಾದರೆ ಆ ಮುದುಕನಿಗೂ ನಿಮಗೂ ಸಂಬಂಧವಿಲ್ಲ ಅಂತ ವೇದಿಕೆಯ ಮೇಲೆ ನಿಂತು ಹೇಳಿ ಅಂದರು ರಮೇಶ್‌ಬಾಬು. ನಿಂತ. ಮೊದಲೆರಡು ಮಾತಿಗೆ ನಾಲಿಗೆ ತಡವರಿಸಿತು. ಯಾರೋ ಆಮೆನ್ ಅಂದರು. ಆಮೇಲೆ ಮಾತು ತಾನಾಗಿ ಹರಿಯಿತು. ತನ್ನ ಗುರುವನ್ನು ಕುರಿಯ ಚರ್ಮ ಹೊದ್ದ ತೋಳ ಅಂದ, ಕೆಟ್ಟ ಬಾವಿ ಅಂದ, ಆ ನೀರು ಕುಡಿದವರು ಸಾಯುತ್ತಾರೆ ಅಂದ. ಜನ ಕಣ್ಣೊರೆಸಿಕೊಂಡರು. ಅಷ್ಟು ಚೆನ್ನಾಗಿ ಅವನು ಯಾವತ್ತೂ ಪ್ರಸಂಗ ಮಾಡಿರಲಿಲ್ಲ. ಒಬ್ಬಳು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡಳು.

ಮುಂದಿನ ಭಾನುವಾರ ರಮೇಶ್‌ಬಾಬು ಅವನನ್ನು ಪಕ್ಕಕ್ಕೆ ಕರೆದರು. ದನಿಯಲ್ಲಿ ಕೋಪವಿರಲಿಲ್ಲ.

"ಬಾವಿ ಕೆಟ್ಟಿದೆ ಅಂತ ನೀವೇ ಹೇಳಿದ್ರಿ ಬ್ರದರ್. ಅದೇ ಬಾವಿ ನೀರು ತಾನೇ ಇಷ್ಟು ದಿನ ನಮಗೆ ಕುಡಿಸಿದ್ದು?"

ಮೋಹನ್‌ಬಾಬು ಅವರ ಕೈ ಹಿಡಿದುಕೊಂಡ, ಹೆಂಡತಿಯ ಸ್ಥಿತಿ ಹೇಳಿದ. ರಮೇಶ್‌ಬಾಬು ಮೆಲ್ಲಗೆ ಕೈ ಬಿಡಿಸಿಕೊಂಡರು. ಕಲಿಸಿದವರನ್ನೇ ಒಂದು ಮಾತಿಗೆ ಕೈಬಿಟ್ಟವರು ಸಭೆಯನ್ನು ಎಷ್ಟು ದಿನ ಹಿಡಿದುಕೊಳ್ತೀರಿ ಅಂತ ಹಿರಿಯರಿಗೆಲ್ಲಾ ಅನುಮಾನ ಬಂದಿದೆ ಅಂದರು. ಕೋಣೆ ಖಾಲಿ ಮಾಡಿಸಿದರು.

ಯಾಮಿನಿ ಶಿಡ್ಲಘಟ್ಟದ ತವರಿಗೆ ಹೊರಟಳು. ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದಳು.

"ಅವತ್ತು ನನಗೋಸ್ಕರ ಸುಳ್ಳು ಹೇಳಿದೆ ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡಿ."

ಅವನು ನೇರವಾಗಿ ಕುಡುಮಲಕುಂಟೆಗೆ ಹೋದ. ಬಾಗಿಲು ತೆರೆದವರು ಆವುಲಪ್ಪನವರೇ. ವಿಡಿಯೋ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಮುದುಕ ಹೊಸ್ತಿಲ ಮೇಲೆ ನಿಂತೇ, ಊಟ ಆಯ್ತಾ ನಾಯನಾ ಎಂದು ಕೇಳಿದರು. ಅವನು ಕಾಲಿಗೆ ಬಿದ್ದು ಅತ್ತ. ಎಬ್ಬಿಸಿ ಹೊರಗೇ ಕೂರಿಸಿದರು.

"ನಾನು ಯಾವತ್ತೋ ಕ್ಷಮಿಸಿಬಿಟ್ಟೆ. ಆದ್ರೆ ಒಳಗೆ ಬರ್ಬೇಡಪ್ಪ. ಮುನಿಶಾಮಮ್ಮನ ಮಗಳು ತನುಜ ಇದಾಳೆ. ಆ ಸ್ಟೇಜು ನಾನು ಯಾಕೆ ಹತ್ತಿದೆ ಅಂತ ನಿನಗೆ ಗೊತ್ತಿತ್ತು ಅನ್ನೋದು ಅವಳಿಗೂ ಗೊತ್ತು."

ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಜಗಲಿಯ ಮೇಲಿಟ್ಟು, ಬಾಗಿಲು ಹಾಕಿಕೊಂಡರು. ಒಳಗೆ ಪ್ರಾರ್ಥನೆಯ ಹಾಡು ಶುರುವಾಯಿತು. ಅವನಿಗೆ ಹಸಿವಾಗಿತ್ತು, ಉಂಡ.

ಈಗ ಅವನು ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಮತ್ತೆ ಮೂಟೆ ಹೊರುತ್ತಾನೆ. ಮಗು ಹುಟ್ಟಿದೆ, ಯಾಮಿನಿ ಇನ್ನೂ ಬಂದಿಲ್ಲ. ಎಲ್ಲರೂ ಬೇಡವೆನ್ನುವ ಭಾನುವಾರದ ಶಿಫ್ಟನ್ನು ಅವನು ಕೇಳಿ ಹಾಕಿಸಿಕೊಳ್ಳುತ್ತಾನೆ.