ಸ್ಟ್ಯಾಂಡ್ ಹಾಕಿದರೆ ಸಾಲದು, ಕೀ ತೆಗೆಯಿರಿ

ಕೋಳಿ ಡಾಕ್ಟರಮ್ಮನ ಸ್ಕೂಟರಿಗೆ ಕಿಕ್ಕರ್ ಇರಲಿಲ್ಲ. ಗುಂಡಿ ಒತ್ತಿದರೆ ಹೊರಡಬೇಕು, ಇಲ್ಲದಿದ್ದರೆ ಇಲ್ಲ. ಈಗಿನ ಎಷ್ಟೋ ಸ್ಕೂಟರುಗಳು ಹೀಗೇ ಬರುತ್ತವೆ.

ಅವಳು ನಿಜವಾದ ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಮನೆಮನೆಗೆ ಹೋಗಿ ಕೋಳಿಗಳಿಗೆ ಲಸಿಕೆ ಹಾಕುವವಳು. ಮೊದಲು ತಮಾಷೆಗೆ ಕರೆದ ಹೆಸರು ಆಮೇಲೆ ಅಂಟಿಕೊಂಡಿತು. ಕೋಳಿಗಳಂತೂ ಅವಳನ್ನು ಡಾಕ್ಟರೆಂದೇ ನಂಬಿದ್ದವು. ಸ್ಕೂಟರಿನ ಸದ್ದು ಕೇಳಿದರೆ ಸಾಕು, ಗೋಡೆ ಹತ್ತುತ್ತಿದ್ದವು.

ಆ ಸ್ಕೂಟರಿನ ಪಕ್ಕದ ಸ್ಟ್ಯಾಂಡ್ ಇಳಿಸಿದ ಕೂಡಲೇ ಎಂಜಿನ್ ತಾನಾಗಿ ನಿಲ್ಲುತ್ತಿತ್ತು. ಸ್ಟ್ಯಾಂಡ್ ಎತ್ತುವುದನ್ನು ಮರೆತು ಓಡಿಸಿ ಯಾರೂ ಬೀಳಬಾರದೆಂದು ಮಾಡಿದ ಏರ್ಪಾಡು ಅದು. ಡಾಕ್ಟರಮ್ಮ ಅದನ್ನೇ ಸುಲಭದ ದಾರಿ ಮಾಡಿಕೊಂಡಳು. ಕಾಲಲ್ಲಿ ಸ್ಟ್ಯಾಂಡ್ ತಳ್ಳುವುದು, ಎಂಜಿನ್ ನಿಂತಿತು ಅನ್ನುವುದು, ಮಂಜುಗಡ್ಡೆ ತುಂಬಿದ ಲಸಿಕೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ನಡೆಯುವುದು. ಕೀ ಅಲ್ಲೇ ಇರುತ್ತಿತ್ತು, ಆನ್ ಆಗಿಯೇ.

ಇದನ್ನು ಮೊದಲು ಕಂಡವಳು ಅವಳ ಶಾಲೆಯ ಗೆಳತಿ. ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟಿದ್ದಳು. ಕೈಯಲ್ಲಿ ಸದಾ ನಟ್ಟು ತಿರುಗಿಸುವ ಪಾನಾ ಹಿಡಿದಿರುತ್ತಿದ್ದುದರಿಂದ ಎಲ್ಲರಿಗೂ ಪಾನಕ್ಕ.

"ಏನೇ, ನಿನ್ನ ಗಾಡಿ ಲೈಟು ಹಗಲು ಹೊತ್ತಲ್ಲೂ ಉರೀತಿದೆ. ಯಾರಿಗೆ ದಾರಿ ತೋರಿಸ್ತಿದ್ದೀಯ?"

"ಎಂಜಿನ್ ನಿಂತಿದೆ ಕಣೇ. ಸ್ಟ್ಯಾಂಡ್ ಹಾಕಿದ್ರೆ ಅದೇ ಆಫ್ ಆಗುತ್ತೆ."

"ಎಂಜಿನ್ ಆಫ್ ಆಗುತ್ತೆ. ಕರೆಂಟು ಆಫ್ ಆಗಲ್ಲ. ಬ್ಯಾಟರಿ ಖಾಲಿ ಆಗ್ತಾ ಇರುತ್ತೆ."

"ಎಂಜಿನ್ನೇ ನಿಂತ ಮೇಲೆ ಖಾಲಿ ಆಗೋಕೆ ಏನಿದೆ? ನೀನು ನಿನ್ನ ಗಿರಾಕಿಗಳನ್ನ ಹೆದರಿಸು, ನನ್ನನ್ನಲ್ಲ."

"ನೀನು ಕೋಳಿಗಳಿಗೆ ಹೇಳ್ತೀಯಲ್ಲ, ಆಮೇಲೆ ಅಳಬೇಡಿ ಅಂತ. ಹಾಗೇ ಅಂದ್ಕೋ," ಎಂದು ಪಾನಕ್ಕ ಕೆಲಸಕ್ಕೆ ಬಗ್ಗಿದಳು.

ಹತ್ತು ದಿನದಿಂದ ಗುಂಡಿ ಒತ್ತಿದರೆ ಸ್ಕೂಟರು ಕೆಮ್ಮಿ ಕೆಮ್ಮಿ ಶುರುವಾಗುತ್ತಿತ್ತು. ಹಾರನ್ನಿನ ದನಿ ಇಳಿದಿತ್ತು. ಡಾಕ್ಟರಮ್ಮ ಅದನ್ನು ಚಳಿಯ ತಲೆಗೆ ಕಟ್ಟಿದಳು.

ಆ ವಾರ ಹತ್ತಿರದ ಊರೊಂದರಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಂದ ಸುದ್ದಿ ಬಂತು. ಕುತ್ತಿಗೆ ತಿರುಚಿಕೊಂಡು, ಹಸಿರು ಭೇದಿಯಾಗಿ, ಒಂದರ ಹಿಂದೆ ಒಂದು ಸಾಯುವ ರೋಗ. ಬಂದ ಮೇಲೆ ಔಷಧವಿಲ್ಲ. ಬರುವ ಮೊದಲೇ ಲಸಿಕೆ ಬೀಳಬೇಕು. ಪಶು ಆಸ್ಪತ್ರೆಯಲ್ಲಿ ಉಳಿದಿದ್ದದ್ದು ಒಂದೇ ಸೀಸೆ, ನೂರು ಕೋಳಿಗಾಗುವಷ್ಟು. ಅದನ್ನು ಬಟ್ಟೆ ಹೊಲಿಯುವ ಟೈಲರಕ್ಕನ ಅಂಗಳಕ್ಕೂ, ಆರು ಕಿಲೋಮೀಟರು ಆಚೆಗಿದ್ದ ತನ್ನ ದೊಡ್ಡಮ್ಮನ ಅಂಗಳಕ್ಕೂ ಹಂಚಬೇಕೆಂದು ಡಾಕ್ಟರಮ್ಮ ಲೆಕ್ಕ ಹಾಕಿದಳು. ದೊಡ್ಡಮ್ಮ ಗಂಡನಿಲ್ಲದ ಹೆಂಗಸು. ಮೊಟ್ಟೆ ಮಾರಿಯೇ ಮನೆ ನಡೆಯುತ್ತಿತ್ತು.

ಈ ಲಸಿಕೆಗೆ ಒಂದು ಕಟ್ಟುನಿಟ್ಟು. ಪುಡಿಗೆ ದ್ರವ ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಮಂಜುಗಡ್ಡೆಯಲ್ಲಿಟ್ಟರೂ ಅಷ್ಟೇ. ಆಮೇಲೆ ಅದು ಬರೀ ನೀರು.

ಹೊರಟ ದಿನ ಬೆಳಗ್ಗೆ ಆಸ್ಪತ್ರೆಯ ಮುಂದೆ ಸೀಸೆಗಾಗಿ ನಲವತ್ತು ನಿಮಿಷ ಕಾದಳು. ಕೀ ಆನ್. ಒಂಬತ್ತಕ್ಕೆ ಟೈಲರಕ್ಕನ ಮನೆ ಮುಂದೆ ಸ್ಟ್ಯಾಂಡ್ ತಳ್ಳಿ, ಒಳಗೆ ಹೋಗಿ ಲಸಿಕೆ ಬೆರೆಸಿದಳು. ಕೋಳಿ ಹಿಡಿಯುವುದು, ರೆಕ್ಕೆ ಎತ್ತುವುದು, ಚುಚ್ಚುವುದು. ಐವತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಸ್ಕೂಟರಿನ ಲೈಟು ಬಿಸಿಲಲ್ಲಿ ಯಾರಿಗೂ ಕಾಣದೆ ಉರಿಯುತ್ತಿತ್ತು.

ಗುಂಡಿ ಒತ್ತಿದಳು. ಟಕ್. ಮತ್ತೆ ಒತ್ತಿದಳು. ಟಕ್. ಆಮೇಲೆ ಅದೂ ಇಲ್ಲ.

"ತಳ್ಳೋಣ್ವಾ?" ಎಂದಳು ಟೈಲರಕ್ಕ.

"ಇದು ತಳ್ಳಿದ್ರೆ ಶುರುವಾಗೋ ಗಾಡಿ ಅಲ್ಲಕ್ಕ. ನಿಮ್ಮನೇಲಿ ಗಾಡಿ ಇದ್ಯಾ?"

ಟೈಲರಕ್ಕನ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಬಿಟ್ಟರೆ ಬೇರಾವುದಕ್ಕೂ ಚಕ್ರವಿರಲಿಲ್ಲ. ಬಸ್ಸು ಮಧ್ಯಾಹ್ನಕ್ಕೆ. ಪಾನಕ್ಕ ಫೋನು ಎತ್ತಲಿಲ್ಲ, ಯಾವುದೋ ಗಾಡಿಯ ಅಡಿಯಲ್ಲಿದ್ದಳು. ಬಡಗಿಯಾಗಿದ್ದ ಡಾಕ್ಟರಮ್ಮನ ಗಂಡ ಪಕ್ಕದ ಊರಿನಲ್ಲಿ ಬಾಗಿಲು ಕೂರಿಸುತ್ತಿದ್ದ.

ಡಾಕ್ಟರಮ್ಮ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ಆರು ಕಿಲೋಮೀಟರು. ಎರಡು ಗಾಡಿಗಳಿಗೆ ಕೈ ಅಡ್ಡ ಹಿಡಿದಳು, ಎರಡೂ ನಿಲ್ಲಲಿಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಬರಿಗಾಲಲ್ಲಿ ನಡೆದಳು. ಮಂಜುಗಡ್ಡೆ ಕರಗಿದ ನೀರು ಕುತ್ತಿಗೆಗೆ ಇಳಿಯುತ್ತಿತ್ತು. ಕೂರಲಿಲ್ಲ. ದೊಡ್ಡಮ್ಮನ ಅಂಗಳ ತಲುಪಿದಾಗ ಹನ್ನೊಂದು ದಾಟಿ ಹನ್ನೆರಡು ನಿಮಿಷ.

ದೊಡ್ಡಮ್ಮ ಕೋಳಿಗಳನ್ನೆಲ್ಲ ಬುಟ್ಟಿಯಡಿ ಮುಚ್ಚಿಟ್ಟು ಕಾದಿದ್ದಳು. "ಬಾ ಮಗಳೇ, ನೀರು ಕುಡಿ. ಆಮೇಲೆ ಚುಚ್ಚುವಿಯಂತೆ."

"ಹೊತ್ತು ಮೀರಿಹೋಯ್ತು ದೊಡ್ಡಮ್ಮ. ಇದನ್ನ ಹಾಕೋ ಹಾಗಿಲ್ಲ."

"ಹನ್ನೆರಡು ನಿಮಿಷ ತಾನೇ? ಕೋಳಿಗೇನು ಗಡಿಯಾರ ನೋಡೋಕೆ ಬರುತ್ತಾ? ಹಾಕಿಬಿಡು."

"ಹಾಕಿದ್ರೆ ನೀನು ಲಸಿಕೆ ಆಯ್ತು ಅಂತ ನಿಶ್ಚಿಂತೆಯಾಗಿ ಕೂತ್ಕೋತೀಯ. ಅದು ಸುಳ್ಳಾಗುತ್ತೆ. ನನ್ನ ಕೈಯಲ್ಲಿ ಆ ಕೆಲಸ ಆಗಲ್ಲ."

ಸೀಸೆಯನ್ನು ವಾಪಸು ತೆಗೆದುಕೊಂಡು ಹೋಗಿ ಆಸ್ಪತ್ರೆಗೆ ಒಪ್ಪಿಸಿದಳು. ಮುಂದಿನ ಸರಬರಾಜು ಹದಿನೈದು ದಿನದ ಮೇಲೆ ಎಂದರು.

ಸಂಜೆ ಪಾನಕ್ಕ ತನ್ನ ಗಾಡಿಯ ಬ್ಯಾಟರಿಯಿಂದ ವೈರು ಹಾಕಿ ಸ್ಕೂಟರು ಶುರು ಮಾಡಿ ಮನೆಗೆ ತಂದಳು. ಡಾಕ್ಟರಮ್ಮನ ಅತ್ತೆ ಬಾಗಿಲಲ್ಲೇ ಮಾತು ತೆಗೆದಳು.

"ನೋಡು, ಬ್ಯಾಟರಿ ಮಾಡಿದವನ ತಪ್ಪಿಗೆ ನನ್ನ ಸೊಸೆ ಕಾಲು ಸುಟ್ಕೊಂಡು ಬಂದಿದ್ದಾಳೆ."

"ಮಾಡಿದವನನ್ನ ಆಮೇಲೆ ಬೈಯೋಣ ಅಮ್ಮಾ. ಮೊದಲು ಇಲ್ಲಿ ಬನ್ನಿ." ಪಾನಕ್ಕ ಸ್ಟ್ಯಾಂಡ್ ಇಳಿಸಿದಳು. ಎಂಜಿನ್ ನಿಂತಿತು. "ಈಗ ಗಾಡಿ ಆಫ್ ಆಯ್ತಾ?"

"ಆಯ್ತಲ್ಲ. ಸದ್ದಿಲ್ಲ."

"ಲೈಟಿನ ಮುಂದೆ ಅಂಗೈ ಇಡಿ."

ಅತ್ತೆಯ ಅಂಗೈ ಮೇಲೆ ಬೆಳಕು ಬಿತ್ತು. ಹಿಂದೆ ಹೋಗಿ ನೋಡಿದರೆ ಕೆಂಪು ದೀಪವೂ ಉರಿಯುತ್ತಿತ್ತು. ಮೀಟರಿನಲ್ಲೂ ಬೆಳಕು.

"ಎಂಜಿನ್ ಓಡುವಾಗ ಬ್ಯಾಟರಿ ತುಂಬುತ್ತೆ. ನಿಂತ ಮೇಲೆ ಕೀ ಆನ್ ಇದ್ರೆ ಬರೀ ಖಾಲಿ ಆಗುತ್ತೆ. ತೊಟ್ಟಿಗೆ ನೀರು ಬರೋದು ನಿಂತಿದೆ, ಕೆಳಗಿನ ನಲ್ಲಿ ಮಾತ್ರ ಬಿಟ್ಟಿದೆ ಅಂದ್ಕೊಳ್ಳಿ. ಇವಳು ದಿನಾ ನಾಲ್ಕು ಮನೆ ಮುಂದೆ ನಲ್ಲಿ ಬಿಟ್ಟು ಹೋಗಿದ್ದಾಳೆ. ಹೀಗೆ ಪದೇ ಪದೇ ತಳ ಕಂಡ್ರೆ ಬ್ಯಾಟರಿ ಶಕ್ತಿನೇ ಕುಗ್ಗುತ್ತೆ. ಗುಂಡಿ ಒತ್ತಿದ್ರೆ ಎಳೀತಿತ್ತು, ಹಾರನ್ ಸಣ್ಣಗಾಗಿತ್ತು, ಅಲ್ವೇನೇ?"

ಡಾಕ್ಟರಮ್ಮ ತಲೆಯಾಡಿಸಿದಳು. "ನೀನು ಹೇಳಿದ್ದೆ. ನಾನೇ ಕೇಳಲಿಲ್ಲ."

"ಗಾಡಿ ಹೇಳಿದ್ದನ್ನೂ ಕೇಳಲಿಲ್ಲ," ಎಂದಳು ಪಾನಕ್ಕ.

ಗಂಡ ಗಲ್ಲ ಕೆರೆದುಕೊಂಡ. "ನಾನೂ ಕೀ ಹಾಗೇ ಬಿಟ್ಟು ಹೋಗ್ತೀನಿ."

"ಗೊತ್ತು. ಇಬ್ಬರಿಗೂ ಒಂದೇ ಬುದ್ಧಿ, ಅದಕ್ಕೇ ಸಂಸಾರ ಚೆನ್ನಾಗಿದೆ," ಎಂದು ಪಾನಕ್ಕ ನಕ್ಕಳು.

"ಮರೀಬಾರದು ಅಂದ್ಕೊಂಡೇ ಮರೀತಾಳೆ ಇವಳು," ಎಂದಳು ಅತ್ತೆ. "ಎರಡೂ ಕೈಗೆ ಪೆಟ್ಟಿಗೆ ಬಂದ್ರೆ ಕೀ ನೆನಪಾಗೋದು ಹೇಗೆ? ಒಂದು ಕೆಲಸ ಮಾಡು. ಪೆಟ್ಟಿಗೆಗೊಂದು ಬೀಗ ಹಾಕು. ಬೀಗದ ಕೀ, ಗಾಡಿ ಕೀ ಎರಡನ್ನೂ ಒಂದೇ ರಿಂಗಿಗೆ ಹಾಕು. ಗಾಡಿ ಕೀ ತೆಗೀದೆ ಪೆಟ್ಟಿಗೆ ತೆರೆಯೋಕೇ ಆಗಬಾರದು."

ಪಾನಕ್ಕ ಪಾನಾ ಕೆಳಗಿಟ್ಟಳು. "ಅಮ್ಮಾ, ನಾಳೆಯಿಂದ ಗ್ಯಾರೇಜಿಗೆ ಬಂದುಬಿಡಿ."

ಮರುದಿನವೇ ಹೊಸ ಬ್ಯಾಟರಿ ಬಂತು, ಬೀಗವೂ ಬಂತು. ಮೊದಲ ದಿನ ಡಾಕ್ಟರಮ್ಮ ಮೂರು ಸಲ ಪೆಟ್ಟಿಗೆ ಹೊತ್ತು ಒಳಗೆ ಹೋಗಿ, ಬೀಗ ನೋಡಿ, ಹಲ್ಲು ಕಡಿದು ಸ್ಕೂಟರಿಗೆ ವಾಪಸು ಬಂದಳು. ಎರಡನೆಯ ದಿನ ಒಂದು ಸಲ. ಆಮೇಲೆ ಕೈಗೇ ರೂಢಿಯಾಯಿತು: ಸ್ಟ್ಯಾಂಡ್, ಕೀ, ದೀಪ ಆರಿತೇ ಎಂದು ಒಂದು ನೋಟ, ಆಮೇಲೆ ಪೆಟ್ಟಿಗೆ.

ಹನ್ನೆರಡನೆಯ ದಿನ, ಹೊಸ ಲಸಿಕೆ ಬರುವ ಮೊದಲೇ, ದೊಡ್ಡಮ್ಮನ ಅಂಗಳದಲ್ಲಿ ಒಂದು ಹುಂಜ ಕುತ್ತಿಗೆ ತಿರುಚಿಕೊಂಡು ನಿಂತಿತು. ಟೈಲರಕ್ಕನ ಮೂವತ್ತೆಂಟು ಕೋಳಿಗಳಿಗೆ ಏನೂ ಆಗಲಿಲ್ಲ. ಹೊಸ ಸೀಸೆ ಬಂದ ಬೆಳಗ್ಗೆ ಡಾಕ್ಟರಮ್ಮ ರೋಗ ಇನ್ನೂ ಮುಟ್ಟದ ಅಂಗಳಗಳಿಗೆ ಹೊರಟಳು. ಒಂದು ಮನೆಯನ್ನೂ ಬಿಡಲಿಲ್ಲ, ಒಂದು ಮನೆಯ ಮುಂದೆಯೂ ಕೀ ಬಿಡಲಿಲ್ಲ. ಹೋದಲ್ಲೆಲ್ಲ ಈ ಕಥೆಯನ್ನು ತನ್ನ ತಪ್ಪು ಮುಚ್ಚಿಡದೆ ಹೇಳಿದಳು.

ಈಗ ನಿಮಗೆ ಹೇಳುವುದು. ನಿಮ್ಮ ಸ್ಕೂಟರಿನಲ್ಲಿ ಲಸಿಕೆ ಇರಲಿಕ್ಕಿಲ್ಲ. ಔಷಧಿ ಇರಬಹುದು, ಬಸುರಿ ಹೆಂಗಸು ಇರಬಹುದು, ಪರೀಕ್ಷೆಗೆ ಹೊರಟ ಮಗಳು ಇರಬಹುದು. ಸ್ಟ್ಯಾಂಡ್ ಇಳಿಸಿ ಎಂಜಿನ್ ನಿಲ್ಲಿಸಿದರೂ, ಹ್ಯಾಂಡಲಿನ ಕೆಂಪು ಸ್ವಿಚ್ಚಿನಿಂದ ನಿಲ್ಲಿಸಿದರೂ, ಕೀ ತಿರುಗಿಸಿ ಕೈಗೆ ತೆಗೆದುಕೊಳ್ಳಿ. ದೀಪ ಆರಿದ್ದನ್ನು ಕಣ್ಣಾರೆ ನೋಡಿ. ಸ್ಕೂಟರು ಎಳೆದು ಎಳೆದು ಶುರುವಾಗುತ್ತಿದ್ದರೆ ಅಂದೇ ಮೆಕ್ಯಾನಿಕ್ಕಿಗೆ ತೋರಿಸಿ. ನಿಮ್ಮ ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಇವತ್ತೇ ಹೇಳಿ, ನಾಳೆ ಅಲ್ಲ.

ಆ ದಿನ ಕೀ ಆನ್ ಇದ್ದದ್ದು ಆಸ್ಪತ್ರೆಯ ಮುಂದೆ ನಲವತ್ತು ನಿಮಿಷ, ಟೈಲರಕ್ಕನ ಮನೆ ಮುಂದೆ ಐವತ್ತು ನಿಮಿಷ. ದೊಡ್ಡಮ್ಮನ ಅಂಗಳದಲ್ಲಿ ಅರವತ್ತೆರಡು ಕೋಳಿಗಳಿದ್ದವು. ಐವತ್ತೇಳು ಸತ್ತವು.