ಹನ್ನೆರಡು ಇಂಚಿನ ತಿರುವು

ಫೋನ್ ಎತ್ತಿದ್ದು ತಪ್ಪಲ್ಲ. ಎತ್ತಿದ ಮೇಲೆ ಕೆಮ್ಮಿದ್ದು ತಪ್ಪು. ಮಂಗಳವಾರದಿಂದ ಗುರುದತ್ತ ತನಗೆ ತಾನೇ ಇದನ್ನು ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಎದೆಯೊಳಗಿನ ಇರುವೆಗೂಡು ಕೆದರುತ್ತಿತ್ತೇ ಹೊರತು ಇರುವೆಗಳು ಒಳಗೆ ಹೋಗುತ್ತಿರಲಿಲ್ಲ.

ಅಬುಧಾಬಿಯ ಆ ಬೇಟೆ ಸಾಮಾನಿನ ಅಂಗಡಿಗೆ ಅವನು ಸೇರಿ ಎಂಟು ತಿಂಗಳು. 'ಮಗ ಅರಬ್ ದೇಶದಲ್ಲಿ ಗುಂಡು ಮಾರುತ್ತಾನೆ' ಎಂದು ತಾಯಿ ಮೈಸೂರಿನಲ್ಲಿ ಹೆಮ್ಮೆಯಿಂದ ಹೇಳಿ, ನೆರೆಯವರೆಲ್ಲ ಅವನನ್ನು ಬಾರಿನ ಮಾಣಿ ಎಂದು ತಿಳಿದು, ಬಂದ ಒಂದು ಸಂಬಂಧವೂ ತಪ್ಪಿಹೋಗಿತ್ತು. ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮಾಡಿದವನು. ಯಾವ ಗುಂಡು ಎಷ್ಟು ವೇಗದಲ್ಲಿ ಹೊರಟು ಐನೂರು ಮೀಟರಿಗೆ ಎಷ್ಟು ಕೆಳಗಿಳಿಯುತ್ತದೆ ಎನ್ನುವ ಪಟ್ಟಿಯೆಲ್ಲ ಬಾಯಿಪಾಠ. ಹೊಡೆದದ್ದು ಮಾತ್ರ ದಸರಾ ವಸ್ತುಪ್ರದರ್ಶನದ ಬಲೂನಿಗೆ, ಆರರಲ್ಲಿ ಎರಡು.

"ಹಿಂದೆ ಗುರು ಇರಬೇಕು, ಮುಂದೆ ಗುರಿ ಇರಬೇಕು ಅಂತಾರೆ," ಎನ್ನುತ್ತಿದ್ದಳು ಕ್ಯಾಶಿನಲ್ಲಿ ಕೂರುವ ಮೂಡುಬಿದಿರೆಯ ಪರ್ಲ್. "ನಮ್ಮಲ್ಲಿ ಗುರು ಉಂಟು, ಗುರಿ ಇಲ್ಲ."

ಗುರಿ ಇದ್ದದ್ದು ಜುವಾಕಿಂ ಅವರಿಗೆ. ಬಂಟ್ವಾಳದ ಕಡೆಯವರು, ಇಪ್ಪತ್ತೇಳು ವರ್ಷದಿಂದ ಗುಂಡಿನ ಕೌಂಟರು ಅವರದೇ. ಈ ದೇಶದೊಳಗೆ ಬೇಟೆಯಿಲ್ಲ. ಗಿರಾಕಿಗಳು ಲೈಸೆನ್ಸ್ ಹಿಡಿದು ಬಂದು, ಗುಂಡು ಕೊಂಡು, ದೂರದ ಬೆಟ್ಟಗಳಿಗೆ ಹಾರುವವರು. ಯಾರ ಮನೆಯಲ್ಲಿ ಯಾವ ರೈಫಲ್, ಅದರ ನಳಿಗೆ ಎಂಥದು, ಯಾವ ಗುಂಡನ್ನು ಅದು ಒಪ್ಪುತ್ತದೆ ಎನ್ನುವುದೆಲ್ಲ ಜುವಾಕಿಂ ಅವರ ತಲೆಯಲ್ಲಿತ್ತು, ಕಾಗದದಲ್ಲಿ ಒಂದಕ್ಷರ ಇರಲಿಲ್ಲ. ಡಿಸೆಂಬರಿಗೆ ಅವರಿಗೆ ಅರವತ್ತು. ಅರವತ್ತಾದವರ ವೀಸಾ ನವೀಕರಿಸಬೇಕೆಂದರೆ ಅರಬಾಬ್, ಅಂದರೆ ಅಂಗಡಿಯ ಯಜಮಾನ, ಮನಸ್ಸು ಮಾಡಬೇಕು. ಆ ತಲೆಯ ಸಲುವಾಗಿಯೇ ಅವನು ಮನಸ್ಸು ಮಾಡುವವನಿದ್ದ.

ಮಂಗಳವಾರ ಮಧ್ಯಾಹ್ನ ಆ ತಲೆ ಗೋಡೌನಿನಲ್ಲಿ ರಟ್ಟಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿತ್ತು. ಆಗ ಫೋನ್ ಬಂತು.

"ಜುವಾಕಿಂ?" ಎಂದಿತು ಹೆಂಗಸಿನ ಗಟ್ಟಿ ದನಿ. ಖದೀಜ. ಹುಡುಗಿಯರ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅಂಗಡಿಯಲ್ಲಿ ಎಲ್ಲರಿಗೂ ಅವರು 'ಮುದೀರಾ'. ಅರಬ್ಬಿಯಲ್ಲಿ ಹೆಡ್‌ಮಿಸ್ ಎಂದಂತೆ.

ಎದುರಿಗೆ ಪರ್ಲ್ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದಳು. ಅವಳನ್ನು ನಗಿಸುವ ಚಪಲ. ಗುರುದತ್ತ ಜುವಾಕಿಂ ಅವರ ಹಾಗೆ ಗಂಟಲು ಅಗಲಿಸಿ, ಎರಡು ಸಲ ಒಣಗೆಮ್ಮು ಕೆಮ್ಮಿ, "ಹಾಂ ಮುದೀರಾ, ಬೋಲೋ," ಎಂದ. ಜುವಾಕಿಂ ಮತ್ತು ಗಿರಾಕಿಗಳ ನಡುವೆ ಓಡುತ್ತಿದ್ದದ್ದು ಗಲ್ಫಿನ ಅಂಗಡಿ ಹಿಂದಿ: ಅರ್ಧ ಅರಬ್ಬಿ, ಕಾಲು ಹಿಂದಿ, ಇನ್ನು ಕಾಲು ಕೈಸನ್ನೆ. ಫೋನಿನಲ್ಲಿ ಕೈಸನ್ನೆ ಕಾಣದಾದ್ದರಿಂದ ಆ ಕಾಲನ್ನು ಅವರು ಕೆಮ್ಮಿನಿಂದ ತುಂಬುತ್ತಿದ್ದರು. ಪರ್ಲ್ ಬಾಯಿಗೆ ಕೈ ಅಡ್ಡ ಹಿಡಿದು ನೆತ್ತಿಗೆ ಹತ್ತಿಸಿಕೊಂಡಳು.

"ಶನಿವಾರ ಅಣ್ಣಂದಿರ ಜೊತೆ ಕಿರ್ಗಿಸ್ತಾನಕ್ಕೆ ಹೋಗುತ್ತಿದ್ದೇನೆ. ಕಾಡುಮೇಕೆ. ಈ ಸಲ ದೂರ ಹೆಚ್ಚು, ನಾನೂರು ಮೀಟರ್ ಅಂತಾರೆ. ಅಪ್ಪನ ತ್ರೀ ನಾಟ್ ಎಯ್ಟ್ ರೈಫಲಿಗೆ ಯಾವ ಗುಂಡು?"

ಅಲ್ಲಿಗೆ 'ಮಲಗಿದ್ದಾರೆ, ಎಬ್ಬಿಸ್ತೀನಿ' ಎನ್ನಬಹುದಿತ್ತು. ಆದರೆ ಪ್ರಶ್ನೆ ಬಿ.ಎಸ್ಸಿ.ಗೇ ಕೇಳಿದ ಹಾಗಿತ್ತು. ದೂರ ಹೆಚ್ಚಿದರೆ ಗಾಳಿ ತಳ್ಳುವುದು ಹೆಚ್ಚು. ಭಾರವಾದ, ಉದ್ದವಾದ, ಸೂಜಿಮೂತಿಯ ಗುಂಡನ್ನು ಗಾಳಿ ಅಷ್ಟಾಗಿ ತಳ್ಳದು. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹೇಳುವುದು ವಾಡಿಕೆ. "ಇನ್ನೂರೆಂಟು ಗ್ರೇನ್," ಎಂದ, ಕೆಮ್ಮಿ. ಹೊಸ ಗಿರಾಕಿ ಬಂದರೆ ಜುವಾಕಿಂ ಮೊದಲು ಕೇಳುವುದು ನಳಿಗೆಯ ಬಗ್ಗೆ. ಮುದೀರಾರ ಕೋವಿಯ ನಳಿಗೆ ಎಂಥದೆಂದು ಗುರುದತ್ತನಿಗೆ ಗೊತ್ತಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅವನು ಜುವಾಕಿಂ. ಗೊತ್ತಿಲ್ಲದವನಂತೆ ಕೇಳುವ ಹಾಗಿರಲಿಲ್ಲ.

ಸಂಜೆ ಜುವಾಕಿಂ ಚರ್ಚಿಗೆ ಹೋದಾಗ ಮುದೀರಾ ಬಂದರು. ಲೈಸೆನ್ಸ್ ತೋರಿಸಿ ನಾಲ್ಕು ಡಬ್ಬಿ ಕೊಂಡರು. "ಜುವಾಕಿಂ ಹೇಳಿದ್ದು," ಎಂದರು. ಗುರುದತ್ತ ತನ್ನ ಸ್ವಂತ ದನಿಯಲ್ಲಿ, ಬಲು ವಿನಯದಿಂದ, "ಅವರು ಹೇಳಿದ ಮೇಲೆ ಮುಗೀತು," ಎಂದ.

ಬುಧವಾರ ಬೆಳಿಗ್ಗೆ ಜುವಾಕಿಂ ಮಾರಾಟದ ಪುಸ್ತಕ ನೋಡುತ್ತ ನಿಂತುಬಿಟ್ಟರು.

"ಮುದೀರಾಗೆ ಇನ್ನೂರೆಂಟು ಕೊಟ್ಟದ್ದು ಯಾರು ಮಾರಾಯ?"

"ಅವರೇ ಕೇಳಿದ್ದು ಅಂಕಲ್."

"ಅವರು ಕೇಳ್ಲಿಕ್ಕೆ ಸಾಧ್ಯ ಇಲ್ಲ. ಅದು ಅವರ ಅಪ್ಪನ ಕಾಲದ ಕೋವಿ. ನಳಿಗೆ ಒಳಗೆ ಸುರುಳಿ ಗೀರು ಇರ್ತದಲ್ಲ, ಗುಂಡನ್ನು ತಿರುಗಿಸಿ ಬಿಡ್ಲಿಕ್ಕೆ? ಅದರದ್ದು ಸೋಮಾರಿ ತಿರುವು. ಹನ್ನೆರಡು ಇಂಚು ಹೋದ್ರೆ ಒಂದು ಸುತ್ತು. ಗಿಡ್ಡ ಗುಂಡಿಗೆ ಅಷ್ಟು ಸಾಕು. ಈ ಉದ್ದದ್ದಕ್ಕೆ ಹತ್ತಕ್ಕೇ ಒಂದು ಸುತ್ತು ಬೇಕು. ಬುಗುರಿ ಆಡಿದ್ದೀಯಲ್ಲ ನೀನು? ಚಾಟಿ ಬಲ ಸಾಕಾಗದಿದ್ರೆ ಎಂತಾಗ್ತದೆ?"

"ತೂರಾಡುತ್ತೆ."

"ತೂರಾಡ್ತದೆ, ಅಡ್ಡ ಬೀಳ್ತದೆ. ಎಲ್ಲಿ ಹೊಡೀತದೆ ದೇವರಿಗೇ ಗೊತ್ತು. ಮತ್ತೆ ಇದು ಕಾಗದಕ್ಕೆ ಹೊಡೆಯುವ ಗುಂಡು, ಮೈಯೊಳಗೆ ಅರಳುವುದಿಲ್ಲ. ಪಾಪದ ಪ್ರಾಣಿ ಹೊಟ್ಟೆ ಹರಿದುಕೊಂಡು ಎರಡು ಬೆಟ್ಟ ದಾಟಿ ಸಾಯ್ತದೆ. ಆರು ವರ್ಷದಿಂದ ನಾನು ಅವರಿಗೆ ನೂರ ಅರವತ್ತೈದೇ ಕೊಡುವುದು."

ಗುರುದತ್ತ "ನಾನು ಫೋನ್ ಮಾಡ್ತೀನಿ ಅಂಕಲ್" ಎನ್ನುವಷ್ಟರಲ್ಲಿ ಅವರೇ ಫೋನ್ ಒತ್ತಿದ್ದರು. ಎರಡು ಮಾತಾಡಿದರು. ಆಮೇಲೆ ಮಾತಾಡಿದ್ದೆಲ್ಲ ಆ ಕಡೆಯವರೇ. ಜುವಾಕಿಂ ಅವರ ಮುಖ ಹಬೆ ಬಿಟ್ಟ ಕುಕ್ಕರಿನಂತೆ ಇಳಿಯುತ್ತ ಬಂತು. ಕೊನೆಗೆ, "ಆ ಗುಂಡು ಬೇಡ ಮುದೀರಾ, ಮಾಫಿ ಜೈನ್, ಒಳ್ಳೆಯದಲ್ಲ. ಶುಕ್ರವಾರ ಬೆಳಿಗ್ಗೆ ಕೋವಿ ತಗೊಂಡು ಶೂಟಿಂಗ್ ಕ್ಲಬ್ಬಿಗೆ ಬನ್ನಿ, ಮನೆಯಲ್ಲಿ ಹಳೇ ಗುಂಡು ಉಳಿದಿದ್ರೆ ಅದನ್ನೂ ತನ್ನಿ. ನಾನೂ ಬರ್ತೇನೆ," ಎಂದು ಇಟ್ಟರು.

"ಮಂಗಳವಾರ ಮಧ್ಯಾಹ್ನ ನಾನೇ ಫೋನಲ್ಲಿ ಹೇಳಿದ್ದಂತೆ."

ಗುರುದತ್ತ ಕಪಾಟಿನ ಡಬ್ಬಿಗಳನ್ನು ಎಣಿಸತೊಡಗಿದ.

"ಪರ್ಲ್, ನಾನು ಮಧ್ಯಾಹ್ನ ಎದ್ದು ಬಂದದ್ದು ನೋಡಿದ್ಯಾ ನೀನು?"

ಪರ್ಲ್ ಗುರುದತ್ತನ ಮುಖ ನೋಡಿದಳು. "ನಾನು ಊಟ ಮಾಡ್ತಿದ್ದೆ ಅಂಕಲ್," ಎಂದಳು. ಅದು ಸುಳ್ಳಲ್ಲ.

ಅರಬಾಬ್‌ನ ದನಿ ಮಾಡಿ ಡ್ರೈವರನ್ನು ಎರಡು ತಾಸು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿದ್ದಕ್ಕೆ ಜುಲೈಯಲ್ಲಿ ಗುರುದತ್ತನಿಗೆ ಎಚ್ಚರಿಕೆಯಾಗಿತ್ತು: ಇನ್ನೊಮ್ಮೆ ಹೀಗಾದರೆ ಖಲಾಸ್, ಮೈಸೂರಿನ ಟಿಕೆಟ್. ಆ ಟಿಕೆಟ್ ಈಗ ನಾಲಿಗೆಯ ಮೇಲೆ ಬಂದು ಕೂತು ಬಾಯಿ ಕಟ್ಟಿಹಾಕಿತು. ಸಂಜೆ ಹೇಳಿದರಾಯಿತು ಎಂದುಕೊಂಡ. ಸಂಜೆ, ನಾಳೆ ಎಂದುಕೊಂಡ.

ಗುರುವಾರ ಜುವಾಕಿಂ ಮಧ್ಯಾಹ್ನ ಮಲಗಲಿಲ್ಲ. ಕೌಂಟರಿನ ಹಿಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದರು. ಒಂದೇ ಡಬ್ಬಿಯನ್ನು ಮೂರು ಸಲ ತೆಗೆದು ಮೂರು ಸಲ ಅಲ್ಲೇ ಇಟ್ಟರು. ಗುರುದತ್ತ ಗಾಜು ಒರೆಸಿದ, ಒರೆಸಿದ ಗಾಜನ್ನೇ ಮತ್ತೆ ಒರೆಸಿದ, ನೀರಡಿಕೆಯಿಲ್ಲದೆ ಏಳು ಸಲ ನೀರು ಕುಡಿದ.

"ನನ್ನ ಅಣ್ಣನಿಗೂ ಹೀಗೇ ಶುರುವಾದದ್ದು," ಎಂದರು ಜುವಾಕಿಂ ಇದ್ದಕ್ಕಿದ್ದಂತೆ. "ಅರವತ್ತಕ್ಕೇ. ಮಾತಾಡಿದ್ದು ನೆನಪಿಲ್ಲ ಅಂತಿದ್ದ. ಮತ್ತೆ ಹೆಂಡತಿ ಹತ್ರವೇ ನೀವು ಯಾರ ಮನೆಯವರು ಅಂತ ಕೇಳಿದ. ಗುಂಡಿನ ಕೌಂಟರಿನಲ್ಲಿ ಮರೆವಿನವ ನಿಲ್ಲಬಾರದು ಮಾರಾಯ. ಶನಿವಾರ ಅರಬಾಬ್ ಬರ್ತಾರಲ್ಲ, ವೀಸಾ ಬೇಡ ಅಂತ ಹೇಳ್ತೇನೆ. ರುವೈಸ್ ಊರಿನಲ್ಲಿರುವ ಮಗಳಿಗೆ ಇವತ್ತೇ ಹೇಳಿಯಾಯ್ತು."

ಅವರು ಗೋಡೌನಿಗೆ ಹೋದದ್ದೇ ತಡ, ಪರ್ಲ್ ಕ್ಯಾಶ್ ಬಿಟ್ಟು ಎದ್ದು ಬಂದಳು.

"ನೀನು ಹೇಳ್ತೀಯಾ, ನಾನು ಹೇಳ್ಬೇಕಾ?"

"ಟಿಕೆಟ್ ಕೊಡ್ತಾರೆ ಕಣೇ."

"ಈಗ ಟಿಕೆಟ್ ಅವರು ತಗೊಳ್ತಿದ್ದಾರಲ್ಲ. ಅಷ್ಟು ಜನರ ದನಿ ಮಾಡ್ತೀಯ, ಮನುಷ್ಯನ ದನಿ ಒಂದು ಬರುವುದಿಲ್ವಾ ನಿನಗೆ?"

ಶುಕ್ರವಾರ ಬೆಳಕು ಹರಿಯುತ್ತಲೇ ಜುವಾಕಿಂ ಅವರ ಹಳೇ ಕಾರಿನಲ್ಲಿ ಇಬ್ಬರೂ ಹೊರಟರು. 'ನಾನೂ ಬರ್ತೀನಿ' ಎಂದು ಗುರುದತ್ತನೇ ಗಂಟುಬಿದ್ದಿದ್ದ. ಊರು ಮುಗಿದು ಎರಡೂ ಕಡೆ ಮರಳು ಶುರುವಾಯಿತು. ಜುವಾಕಿಂ ರಸ್ತೆ ನೋಡುತ್ತ ಗಿರಾಕಿಗಳ ಹೆಸರನ್ನೂ ಅವರವರ ನಳಿಗೆಯ ತಿರುವನ್ನೂ ಒಂದೊಂದಾಗಿ ಹೇಳತೊಡಗಿದರು, ಹಾಜರಿ ತೆಗೆದುಕೊಳ್ಳುವವರಂತೆ.

"ಬು ರಾಶಿದ್, ಹತ್ತು. ಅವರ ತಮ್ಮ, ಹತ್ತು. ಅಲ್ ಐನ್‌ನ ಡಾಕ್ಟರು, ಹನ್ನೊಂದು. ಒಂಟೆ ಸಾಕುವವರು..." ನಿಲ್ಲಿಸಿದರು. "ಒಂಟೆಯವರು... ನೋಡು. ಇಲ್ಲ. ಹೋಯ್ತು."

ಗುರುದತ್ತ ಬಾಯಿ ತೆರೆದ. ಹೇಳಬೇಕಾದ ಮಾತನ್ನು ರಾತ್ರಿಯೆಲ್ಲ ಜೋಡಿಸಿಟ್ಟಿದ್ದ: ತಪ್ಪಾಯ್ತು ಅಂಕಲ್, ಹುಡುಗಾಟಕ್ಕೆ ಮಾಡಿದೆ, ಹೀಗೆ. ಅದರಲ್ಲಿ ಒಂದಕ್ಷರವೂ ಹೊರಡಲಿಲ್ಲ. ಬಂದದ್ದು ಎರಡು ಒಣಗೆಮ್ಮು. ಅದರ ಹಿಂದೆಯೇ, "ಹಾಂ ಮುದೀರಾ, ಬೋಲೋ. ಇನ್ನೂರೆಂಟು ಗ್ರೇನ್."

ಕಾರು ರಸ್ತೆಯ ಬದಿಗೆ ಹೋಗಿ ನಿಂತಿತು. ಒಂದು ಲಾರಿ ಹಾರನ್ ಹೊಡೆದುಕೊಂಡು ದಾಟಿತು.

"ಇನ್ನೊಮ್ಮೆ ಹೇಳು," ಎಂದರು ಜುವಾಕಿಂ.

ಹೇಳಿದ.

"ಇನ್ನೊಮ್ಮೆ."

ಮೂರನೆಯ ಸಲ ಗುರುದತ್ತನ ದನಿ ಒಡೆದು, ಅರ್ಧ ಜುವಾಕಿಂ ಅರ್ಧ ಮೈಸೂರಾಯಿತು.

ಜುವಾಕಿಂ ಬಾಗಿಲು ತೆಗೆದು ಇಳಿದರು. ಮರಳಿನಲ್ಲಿ ಹತ್ತು ಹೆಜ್ಜೆ ಹೋದರು, ಸೊಂಟಕ್ಕೆ ಕೈಯಿಟ್ಟು ನಿಂತರು, ತಿರುಗಿ ಬಂದರು. ಏಟು ಬೀಳುತ್ತದೆ ಎಂದು ಗುರುದತ್ತ ಕೆನ್ನೆ ಬಿಗಿ ಹಿಡಿದ. ಅವರು ಕಿಟಕಿಯಲ್ಲಿ ಬಗ್ಗಿದರು.

"ಹಾಗಾದ್ರೆ ನನ್ನ ತಲೆ ಸರಿ ಉಂಟು."

"ಹೂಂ ಅಂಕಲ್."

"ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ ನಾನು. ಸ್ವಂತ ಹೆಸರು ಹೇಳಿಕೊಳ್ತಾ ಕೂತಿದ್ದೆ ಗೋಡೆ ನೋಡಿಕೊಂಡು. ಗೊತ್ತುಂಟಾ ನಿನಗೆ?"

 ಅವರು ಕಾರು ಹತ್ತಿ, ಬಾಗಿಲು ಬಡಿದು, ಕ್ಲಬ್ಬಿನ ಕಡೆಗೆ ಓಡಿಸಿದರು.

ಮುದೀರಾ ಆಗಲೇ ಬಂದು ಚಾಪೆ ಹಾಸಿ, ರೈಫಲನ್ನು ಮರಳಿನ ಚೀಲಕ್ಕೆ ಒರಗಿಸಿದ್ದರು. ಮೊದಲು ಉದ್ದ ಗುಂಡು, ನೂರೇ ಮೀಟರಿಗೆ. ಉಸಿರು ಹಿಡಿದು ಮೂರು ಹೊಡೆದರು. ಎಲ್ಲರೂ ನಡೆದುಹೋಗಿ ಹಲಗೆ ನೋಡಿದರು. ಕಾಗದದಲ್ಲಿ ಎರಡೇ ತೂತು. ದುಂಡಗಿಲ್ಲ, ಗುಂಡು ಮಗ್ಗುಲಾಗಿ ನುಗ್ಗಿದ ಹಾಗೆ, ಬೀಗದ ಕೈ ಹಾಕುವ ಕಂಡಿಯ ಆಕಾರ. ಮೂರನೆಯದು ಹಲಗೆಗೇ ತಾಕಿರಲಿಲ್ಲ. ಗುರುದತ್ತ ಆ ಸೀಳಿನ ಅಂಚನ್ನು ಬೆರಳಿನಿಂದ ಮುಟ್ಟಿದ. ಬಾಯಿಪಾಠದ ಪಟ್ಟಿಯಲ್ಲಿ ಇದು ಎಲ್ಲೂ ಇರಲಿಲ್ಲ.

"ಇದನ್ನು ಹಿಡಿದುಕೊಂಡು ನಾನು ಬೆಟ್ಟ ಹತ್ತುತ್ತಿದ್ದೆ," ಎಂದರು ಮುದೀರಾ. "ಜುವಾಕಿಂ, ನೀನು ಇಂಥದನ್ನು ಹೇಳುವವನಲ್ಲ. ಏನಾಗಿದೆ ನಿನಗೆ?"

ಜುವಾಕಿಂ ದೂರದ ಮರಳುದಿಬ್ಬ ನೋಡುತ್ತಿದ್ದರು.

"ಅವರಲ್ಲ, ನಾನು ಹೇಳಿದ್ದು," ಎಂದ ಗುರುದತ್ತ. "ಅವರ ದನಿಯಲ್ಲಿ. ಅವರು ನಿದ್ದೆಯಲ್ಲಿದ್ದರು."

ಮುದೀರಾ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಗುರುದತ್ತನ ಕೈಗಳು ತಾವಾಗಿಯೇ ಕಟ್ಟಿಕೊಂಡವು.

"ಮೂವತ್ತೊಂದು ವರ್ಷ," ಎಂದರು. "ಹುಡುಗಿಯರು ತಾಯಿಯ ದನಿ ಮಾಡಿ ಫೋನಿನಲ್ಲಿ ರಜೆ ಕೇಳುತ್ತಿದ್ದರು. ಒಬ್ಬಳನ್ನೂ ದಾಟಗೊಡಲಿಲ್ಲ ನಾನು. ನೀನು ದಾಟಿಬಿಟ್ಟೆ." ಸಿಟ್ಟು ಯಾರ ಮೇಲೆಂದು ಅವರಿಗೂ ತಿಳಿದಂತಿರಲಿಲ್ಲ. "ಯಲ್ಲಾ, ನಡಿ. ಹಳೇ ಗುಂಡು ಕೊಡು. ಎಷ್ಟು ಗ್ರೇನ್? ಈ ಸಲ ನಿನ್ನ ಬಾಯಿಂದ ಹೇಳು."

"ನೂರ ಅರವತ್ತೈದು. ಇದರ ತಿರುವು ಹನ್ನೆರಡು ಇಂಚು, ಅದಕ್ಕೆ." ಸ್ವಂತ ದನಿ ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ. "ಆದರೆ ನಾನೂರು ಮೀಟರು..." ಎಂದು ಜುವಾಕಿಂ ಕಡೆ ತಿರುಗಿದ.

"ಮುನ್ನೂರಕ್ಕೆ ನಿಲ್ಲಿಸಿ ಮುದೀರಾ," ಎಂದರು ಜುವಾಕಿಂ. "ಆಚೆಗೆ ಗುಂಡಿನ ವೇಗ ಇಳೀತದೆ, ಸರಿಯಾಗಿ ಅರಳುವುದಿಲ್ಲ. ಮೇಕೆ ದೂರ ಇದ್ರೆ ನೀವು ಹತ್ತಿರ ಹೋಗಿ. ಗುಂಡಿಗೆ ಇಲ್ಲದ ಕಾಲು ನಿಮಗೆ ಉಂಟಲ್ಲ."

ಹಳೇ ಗುಂಡಿನ ಮೂರು ತೂತುಗಳು ದುಂಡಗೆ, ಒಂದು ಬಾಟಲಿ ಮುಚ್ಚಳದಿಂದ ಮುಚ್ಚಬಹುದಾದಷ್ಟು ಹತ್ತಿರ ಬಿದ್ದವು. ಸಂಜೆ ಅಂಗಡಿ ತೆರೆದಾಗ ಬಂದು ಎರಡು ಡಬ್ಬಿ ಕೊಳ್ಳುವುದಾಗಿ ಹೇಳಿ ಮುದೀರಾ ರೈಫಲ್ ಕಟ್ಟಿದರು. ಕಾರು ಹತ್ತುವ ಮೊದಲು, "ಇನ್ನು ಫೋನಿನಲ್ಲಿ ಮೊದಲು ನಳಿಗೆಯ ತಿರುವು ಹೇಳಬೇಕು. ಹೇಳದವನು ಜುವಾಕಿಂ ಅಲ್ಲ," ಎಂದರು.

ವಾಪಸು ದಾರಿಯಲ್ಲಿ ಬಿಸಿಲು ಏರಿತ್ತು. ಜುವಾಕಿಂ ರಸ್ತೆಯ ಮೇಲೇ ಕಣ್ಣಿಟ್ಟು ಓಡಿಸುತ್ತಿದ್ದರು. ನಾಳೆ ಅರಬಾಬ್‌ಗೆ ಇವರೇ ಹೇಳುತ್ತಾರೋ, ನಾನೇ ಹೇಳಬೇಕೋ ಎಂದು ಗುರುದತ್ತ ಸೀಟಿನಲ್ಲಿ ಹೊರಳಾಡುತ್ತಿದ್ದ.

"ಒಂಬತ್ತೂವರೆ," ಎಂದರು ಅವರು ಇದ್ದಕ್ಕಿದ್ದಂತೆ.

"ಏನಂಕಲ್?"

"ಒಂಟೆಯವರದ್ದು. ತಿರುವು ಒಂಬತ್ತೂವರೆ." ಮುಖ ಒಂದಿಷ್ಟು ಸಡಿಲಾಯಿತು, ಮರುಗಳಿಗೆಗೆ ಮತ್ತೆ ಬಿಗಿಯಿತು. "ನಾಳೆ ನಾನು ಅರಬಾಬ್ ಹತ್ರ ವೀಸಾ ಕೇಳ್ತೇನೆ. ನಿನ್ನ ಕತೆ ನೀನು ಹೇಳು. ನನ್ನ ದನಿಯಲ್ಲಿ ಅಲ್ಲ."

"ಟಿಕೆಟ್ ಕೊಟ್ರೆ?"

"ಕೊಟ್ರೆ ತಗೋ." ಸ್ವಲ್ಪ ದೂರ ಹೋದ ಮೇಲೆ, "ಕೌಂಟರಿಗೆ ಒಬ್ಬ ಕಲೀಲಿಕ್ಕೆ ಬೇಕು ಅಂತ ನಾನು ಹೇಳಬಹುದು. ಹೇಳ್ತೇನೆ ಅಂತ ಅಲ್ಲ," ಎಂದರು.

ಊರಿನ ಕಟ್ಟಡಗಳು ಕಾಣಿಸಿಕೊಂಡವು. ಸಿಗ್ನಲ್ಲಿನಲ್ಲಿ ನಿಂತಾಗ ಜುವಾಕಿಂ ಬಾಯಿಗೆ ಮುಷ್ಟಿ ಹಿಡಿದು ಒಮ್ಮೆ ಕೆಮ್ಮಿದರು, ಮತ್ತೊಮ್ಮೆ ಕೆಮ್ಮಿದರು, ಕಿವಿಗೊಟ್ಟು ಕೇಳಿಸಿಕೊಂಡವರಂತೆ ಸುಮ್ಮನಾದರು.

"ಗುರು," ಎಂದರು. "ಸತ್ಯ ಹೇಳು. ನಾನು ಅಷ್ಟು ಕೆಮ್ಮುತ್ತೇನಾ?"